ಎಡಗಡೆಯ ಸೀಟು

ಅವರ ಶೂಗಳಲ್ಲಿ ಎಡಗಾಲಿನದು ಯಾವಾಗಲೂ ಮೊದಲು ಸವೆಯುತ್ತಿತ್ತು. "ಅಕ್ಕಾ, ನೀವು ಕುಂಟೋದನ್ನ ನಾನಂತೂ ನೋಡಿಲ್ಲ. ಆದ್ರೆ ನಿಮ್ಮ ಶೂ ಬೇರೇನೋ ಹೇಳ್ತಿದೆ" ಎಂದು ಶೂ ರಿಪೇರಿಯವನು ಒಮ್ಮೆ ಅಂದಿದ್ದ. ಕಾರಣ ಸರಳವಾಗಿತ್ತು. ಅವರು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವರು. ಕಲಿಯುವವರು ಬಲಗಡೆ ಸ್ಟಿಯರಿಂಗ್ ಹಿಡಿದು ಕೂರುತ್ತಾರೆ, ಕಲಿಸುವವರು ಎಡಗಡೆ ಬರಿಗೈಯಲ್ಲಿ ಕೂರುತ್ತಾರೆ. ಕಲಿಸುವವರ ಪಾದದ ಬಳಿ ಎರಡನೆಯ ಬ್ರೇಕು ಒಂದಿರುತ್ತದೆ. ಅವರ ಕಾರಿನಲ್ಲಿ ಅದು ತುಸು ಎಡಕ್ಕೆ ಸರಿದು ಕೂತಿದ್ದರಿಂದ ಎಡಗಾಲಿಗೇ ಒಗ್ಗಿಹೋಗಿತ್ತು. ಊರಿನ ಅರ್ಧ ಜನರನ್ನು ಗೋಡೆ, ಕಂಬ, ಹಾಲಿನ ವ್ಯಾನು ಇತ್ಯಾದಿಗಳಿಂದ ಉಳಿಸಿದ್ದು ಆ ಕಾಲು. ಇದನ್ನು ಬರೆಯುತ್ತಿರುವವನೂ ಆ ಅರ್ಧಕ್ಕೇ ಸೇರಿದವನು. ನಾವೆಲ್ಲ ಅವರನ್ನು ಬ್ರೇಕಕ್ಕ ಎನ್ನುತ್ತಿದ್ದೆವು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ.

ಅಷ್ಟು ಜನಕ್ಕೆ ಕಲಿಸಿದ ಬ್ರೇಕಕ್ಕನ ಕೈಯಲ್ಲಿ ಕಲಿಯದೆ ಉಳಿದವರು ಒಬ್ಬರೇ, ಅವರ ಗಂಡ. ಆತ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಮದುವೆಯಾದ ಹೊಸತರಲ್ಲಿ ಅವರು ಮೂರು ಪಾಠ ಕಲಿತರು. ಮೂರನೆಯ ದಿನ, ಆಸ್ಪತ್ರೆಯ ಹಿಂದಿನ ಖಾಲಿ ರಸ್ತೆಯಲ್ಲಿ, ಬ್ರೇಕಕ್ಕನ ಕಾಲು ಎಷ್ಟು ಸಲ ಕೆಳಗಿಳಿಯಿತೆಂದರೆ ಟೈಲರು ಕಾರನ್ನು ಪಕ್ಕಕ್ಕೆ ಹಾಕಿ, ಕೀಲಿ ಹೆಂಡತಿಯ ಕೈಗೆ ಕೊಟ್ಟು, ನಡೆದುಕೊಂಡೇ ಮನೆಗೆ ಬಂದರು.

"ನಿನಗೆ ನನ್ನ ಮೇಲೆ ನಂಬಿಕೆ ಇರಬಹುದು ಕಣೇ, ನಿನ್ನ ಕಾಲಿಗಿಲ್ಲ" ಎಂದರು.

ಅಂದಿನಿಂದ ಅವರು ಹೆಂಡತಿಯ ಪಕ್ಕದ ಸೀಟಿನಲ್ಲಿ ಕೂತವರಲ್ಲ. ರಜೆಯ ದಿನ ಶಾಲೆಯ ಕಾರಿನಲ್ಲಿ ಎಲ್ಲಿಗಾದರೂ ಹೊರಟರೆ ಹಿಂದಿನ ಸೀಟಿನಲ್ಲಿ ಸಾಹುಕಾರನ ಹಾಗೆ ಕೂರುತ್ತಿದ್ದರು. ಜಗಳವೇನೂ ಇರಲಿಲ್ಲ. ಅದು ಅವರ ಜಾಗವಾಗಿತ್ತು, ಅಷ್ಟೇ.

ಬ್ರೇಕಕ್ಕನಿಗೆ ಐವತ್ತೆರಡಾಗಿದ್ದಾಗ ಶಿಷ್ಯೆಯೊಬ್ಬಳು ಹಳೆಯ ಕಾರು ಕೊಳ್ಳಬೇಕೆಂದು ಅವರನ್ನು ವ್ಯಾಪಾರಿಯ ಅಂಗಳಕ್ಕೆ ಕರೆದೊಯ್ದಳು. ಆಕೆ ಒಂದು ಸಣ್ಣ ಕಾರಿನ ಬಾಗಿಲು ತೆಗೆದು ಹಾಕಿ ನೋಡುತ್ತಿದ್ದಾಗ ಬ್ರೇಕಕ್ಕ ನೆರಳು ಹುಡುಕಿಕೊಂಡು ಅಂಗಳದ ಮೂಲೆಗೆ ಹೋದರು. ಅಲ್ಲಿ ನೆಲಕ್ಕಂಟಿದಂತಿದ್ದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರೊಂದು ನಿಂತಿತ್ತು. ಕಡು ಹಸಿರು ಬಣ್ಣ, ಬಾನೆಟ್ಟಿನ ಮೇಲೆ ಮಾತ್ರ ಬಿಸಿಲಿಗೆ ಮಾಸಿತ್ತು. ಹಡಗಿನಲ್ಲಿ ಬಂದದ್ದು, ಆರು ಸಿಲಿಂಡರಿನದು. ಬ್ರೇಕಕ್ಕ ಅಭ್ಯಾಸಬಲದಿಂದ ಎಡಗಡೆಯ ಬಾಗಿಲು ತೆಗೆದು ಕೂತರು. ಎದುರಿಗೆ ಸ್ಟಿಯರಿಂಗ್ ಇತ್ತು.

ವ್ಯಾಪಾರಿ ಬಂದು ನೋಡಿದಾಗ ಅವರು ಎರಡು ಕೈಯಿಂದಲೂ ಅದನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದರು.

"ಅದನ್ನ ಯಾರೂ ತಗೊಳ್ಳಲ್ಲಕ್ಕ. ರಸ್ತೆಯ ಬಲಗಡೆ ಓಡಾಡೋ ದೇಶದ್ದು. ಎಲ್ಲರೂ ಬರ್ತಾರೆ, ಇಂಜಿನ್ ಶಬ್ದ ಕೇಳಿ ಬಾಯಿ ಬಿಡ್ತಾರೆ, ಆಮೇಲೆ ಸ್ಟಿಯರಿಂಗ್ ತಪ್ಪು ಕಡೆ ಇದೆ ಅಂತ ಹೋಗ್ತಾರೆ."

"ಯಾರಿಗೆ ತಪ್ಪು ಕಡೆ?" ಎಂದರು ಬ್ರೇಕಕ್ಕ.

ಶಿಷ್ಯೆ ಅಂದು ಏನೂ ಕೊಳ್ಳಲಿಲ್ಲ. ಬ್ರೇಕಕ್ಕ ಮುಂಗಡ ಕೊಟ್ಟು ಬಂದರು.

ಟೈಲರು ಆಗ ಕಾಲರ್ ತಿರುಗಿಸಿ ಹೊಲಿಯುತ್ತಿದ್ದರು. ಸುದ್ದಿ ಕೇಳಿ ಮೆಷಿನ್ನಿನ ಗಾಲಿಯನ್ನು ಕೈಯಿಂದ ಹಿಡಿದು ನಿಲ್ಲಿಸಿದರು.

"ಹಲ್ಲಿದ್ದಾಗ ಕಡಲೆ ಇರ್ಲಿಲ್ಲ, ಕಡಲೆ ಬಂದಾಗ ಹಲ್ಲಿಲ್ಲ ಅಂತಾರೆ. ನಿನಗೆ ಈ ವಯಸ್ಸಲ್ಲಿ ರೇಸಾ?"

"ಹಲ್ಲು ಎಲ್ಲಾ ಹಾಗೇ ಇದೆ ರೀ. ಎಣಿಸ್ಕೊಳ್ಳಿ ಬೇಕಾದ್ರೆ."

"ಅಲ್ಲ ಕಣೇ, ಯಾಕೆ ಅಂತ ಕೇಳ್ತಿದೀನಿ."

ಕಾರು ಓಡಿಸಲು ಬ್ರೇಕಕ್ಕನಿಗೆ ಸಿಗುತ್ತಲೇ ಇರಲಿಲ್ಲವೆಂದಲ್ಲ. ಬೆಳಿಗ್ಗೆ ಮೊದಲ ಶಿಷ್ಯರ ಮನೆಯವರೆಗೆ, ಸಂಜೆ ಕೊನೆಯವರ ಮನೆಯಿಂದ ಶಾಲೆಯವರೆಗೆ ಬಲಗಡೆ ಕೂತು ತಾವೇ ಓಡಿಸುತ್ತಿದ್ದರು. ಆ ನಡುವಿನ ಇಡೀ ದಿನ ಎಡಗಡೆ. ವೇಗ ಮೂವತ್ತು ಮುಟ್ಟಿದರೆ ಕಾಲು ತಾನಾಗಿ ಬ್ರೇಕಿನ ಕಡೆ ಹೊರಡುತ್ತಿತ್ತು.

"ಇಷ್ಟು ವರ್ಷ ಆ ಸೀಟಲ್ಲಿ ಕೂತು ಬೇರೆಯವರನ್ನ ನಿಲ್ಲಿಸಿದ್ದೇ ಆಯ್ತು. ಒಂದು ಸಲ ಅದೇ ಸೀಟಲ್ಲಿ ಕೂತು ಹೋಗ್ಬೇಕು ನನಗೆ. ಜೋರಾಗಿ."

ಟೈಲರು ಗಾಲಿಯನ್ನು ಬಿಟ್ಟರು. ಕಾಲರ್ ಹೊಲಿಗೆ ಮುಂದುವರಿಯಿತು. ಅದು ಒಪ್ಪಿಗೆ ಎಂದು ಬ್ರೇಕಕ್ಕನಿಗೆ ಗೊತ್ತಿತ್ತು.

ನಂಬರಿಲ್ಲದ ಕಾರು ರಸ್ತೆಗಿಳಿಯುವಂತಿಲ್ಲವಾದ್ದರಿಂದ ಅದು ಲಾರಿಯ ಬೆನ್ನ ಮೇಲೆ ಮನೆಗೆ ಬಂತು. ಎದುರು ಮನೆಯ ನರ್ಸಮ್ಮ ಗೇಟಿನ ಬಳಿ ಕಾದಿದ್ದಂತೆ ನಿಂತಿದ್ದರು. "ಓಡೋ ಕಾರು ಅಂದ್ರಲ್ಲ ಬ್ರೇಕಕ್ಕ, ಇದು ಹೊತ್ಕೊಂಡು ಬರೋ ಕಾರು" ಎಂದರು. ಕಾರನ್ನು ಮನೆಯ ಪಕ್ಕದ ತಗಡಿನ ಶೆಡ್ಡಿಗೆ ತಳ್ಳಿದ್ದಾಯಿತು.

ನೋಂದಣಿ ಕಚೇರಿಯಲ್ಲಿ ತೊಡಕು ಶುರುವಾಯಿತು. ಸ್ಟಿಯರಿಂಗ್ ಎಡಗಡೆ ಇರುವ ಕಾರಿಗೆ ನಂಬರು ಸಿಗಬೇಕಾದರೆ ಮುಖ್ಯ ಕಚೇರಿಯಿಂದ ವಿಶೇಷ ಅನುಮತಿ ಬರಬೇಕು. ಇಲ್ಲವೇ ಗ್ಯಾರೇಜಿನಲ್ಲಿ ಸ್ಟಿಯರಿಂಗನ್ನು ಬಲಗಡೆಗೆ ಬದಲಾಯಿಸಿ ತರಬೇಕು. ವ್ಯಾಪಾರಿಗೆ ಎರಡನೆಯದೇ ಸುಲಭವೆನಿಸಿತು. "ನನಗೆ ಗೊತ್ತಿರೋ ಮೆಕ್ಯಾನಿಕ್ ಇದ್ದಾನಕ್ಕ. ಬಿಚ್ಚಿ ಆ ಕಡೆ ಕೂರಿಸ್ತಾನೆ. ನಂಬರು ತಾನಾಗಿ ಬರುತ್ತೆ."

"ಆ ಕಡೆ ಕೂರಿಸಿದ ಮೇಲೆ ಅದು ಎಲ್ಲರ ಕಾರು ಇದ್ದ ಹಾಗೇ ಇರುತ್ತಲ್ಲ. ನಾನು ಅನುಮತಿಗೇ ಹಾಕ್ತೀನಿ" ಎಂದರು ಬ್ರೇಕಕ್ಕ.

ಅರ್ಜಿ ಹಾಕಿದರು. ಕಾದರು. ಕಚೇರಿಯ ಗುಮಾಸ್ತ ಪ್ರತಿಸಲವೂ "ಆಗಲ್ಲ ಅಂತೇನಿಲ್ಲ ಮೇಡಂ" ಎನ್ನುತ್ತಿದ್ದ. ಆಗುತ್ತದೆ ಎಂದೂ ಹೇಳುತ್ತಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಪಳಗಿದ ಮನುಷ್ಯ. ಇತ್ತ ಬ್ರೇಕಕ್ಕನ ಕೈಯಲ್ಲಿ ಎರಡು ತಂಡಗಳು ಲೈಸೆನ್ಸ್ ಪಡೆದು ಹೋದವು. ಟೈಲರ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರಗಳ ಭರಾಟೆ ಬಂದು ಮುಗಿಯಿತು.

ಇಂಜಿನ್ ಜಡ್ಡುಗಟ್ಟದಿರಲೆಂದು ಬ್ರೇಕಕ್ಕ ಆಗಾಗ ಶೆಡ್ಡಿನ ಬಾಗಿಲು ಪೂರ್ತಿ ತೆರೆದಿಟ್ಟು ಕಾರನ್ನು ಸ್ವಲ್ಪ ಹೊತ್ತು ಚಾಲೂ ಮಾಡುತ್ತಿದ್ದರು. ತಗಡು ಸಣ್ಣಗೆ ನಡುಗುತ್ತಿತ್ತು. ಒಂದು ಸಂಜೆ ಇಂಜಿನ್ ಆರಿಸಿ ಕೂತಿದ್ದಾಗ ಟೈಲರು ಒಂದು ಪ್ಯಾಂಟು ಹಿಡಿದುಕೊಂಡು ಬಂದರು. ಕಾರಿಗೆ ಹಿಂದಿನ ಸೀಟೆಂಬುದು ಇರಲಿಲ್ಲ. ಬಲಗಡೆಯ ಬಾಗಿಲು ತೆಗೆದು, ಮಂಡಿ ಮಡಿಚಿ, ಒಳಗೆ ಇಳಿದರು. ಅದು ಕೂರುವುದಲ್ಲ, ಇಳಿಯುವುದೇ.

"ಇಲ್ಲಿ ಬೆಳಕು ಚೆನ್ನಾಗಿದೆ" ಎಂದು ಪ್ಯಾಂಟಿನ ಅಂಚನ್ನು ಕೈಹೊಲಿಗೆ ಹಾಕತೊಡಗಿದರು.

ಆಮೇಲೆ ಅದೇ ರೂಢಿಯಾಯಿತು. ಕಾಜ, ಗುಂಡಿ, ಅಂಚು ಮುಂತಾದ ಕೈಕೆಲಸಗಳೆಲ್ಲ ಶೆಡ್ಡಿಗೆ ಬಂದವು. ಮನೆಯೊಳಗೆ ಆಡಲು ಪುರುಸೊತ್ತಿಲ್ಲದ ಮಾತುಗಳೂ ಬಂದವು. ಕೊನೆಗೆ ಟೈಲರು ಆ ಎರಡು ಸೀಟಿಗೆ ಕವರನ್ನೇ ಹೊಲಿದರು. ನರ್ಸಮ್ಮ ಇಣುಕಿ ನೋಡಿ, "ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿದ್ರಾ?" ಎಂದರು.

"ಊರಿನ ಕುಲಾವಿ ಎಲ್ಲಾ ಹೊಲಿಯೋನು ನಾನೇ ನರ್ಸಮ್ಮ. ಹೆರಿಗೆ ಮಾಡಿಸೋರು ನೀವು. ನಿಮ್ಮ ಕಡೆಯಿಂದಲೇ ತಡ" ಎಂದರು ಟೈಲರು.

ಮುಖ್ಯ ಕಚೇರಿಯ ಉತ್ತರ ಕೊನೆಗೂ ಬಂತು. ಮಾಲೀಕರು ಪರೀಕ್ಷಾ ಮೈದಾನದಲ್ಲಿ ಕಾರನ್ನು ಸುರಕ್ಷಿತವಾಗಿ ಓಡಿಸಿ ತೋರಿಸಿದರೆ ಅನುಮತಿ ಕೊಡಬಹುದು. ಗುಮಾಸ್ತ ಒಂದು ಮಾತು ಸೇರಿಸಿದ. "ಎಡಗಡೆ ಕೂತ್ರೆ ಮುಂದಿನ ವಾಹನದ ಆಚೆ ನಿಮಗೆ ಏನೂ ಕಾಣಲ್ಲ ಮೇಡಂ. ದಾಟಬೇಕಾದ್ರೆ ಬಲಗಡೆ ಕೂತೋರು ನೋಡಿ ಹೇಳ್ಬೇಕು. ಒಬ್ಬರನ್ನ ಕರ್ಕೊಂಡು ಬನ್ನಿ."

ಒಬ್ಬರು ಎಂದರೆ ಯಾರೆಂದು ಮನೆಯಲ್ಲಿ ಚರ್ಚೆಯೇ ಆಗಲಿಲ್ಲ. ಆ ಸೀಟಿನ ಅಳತೆ ಆಗಲೇ ಒಬ್ಬರಿಗೆ ಸರಿಯಾಗಿತ್ತು.

ಕಾರು ಮತ್ತೆ ಲಾರಿಯ ಮೇಲೆ ಹೊರಟಿತು. ಮೈದಾನದಲ್ಲಿ ಕಚೇರಿಯ ವ್ಯಾನು ಮುಂದೆ ನಿಧಾನವಾಗಿ ಹೋಗುತ್ತಿತ್ತು. ಅದನ್ನು ದಾಟಬೇಕು. ಎದುರಿನಿಂದ ಆಗಾಗ ಒಂದು ಬೈಕು ಬರುತ್ತಿತ್ತು. ಟೈಲರು "ಬೇಡ" ಎಂದರು. ಬೈಕು ಹೋದ ಮೇಲೂ "ಬೇಡ" ಎಂದರು. "ಏನು ಬರ್ತಿದೆ ರೀ?" ಎಂದರೆ, "ಏನೂ ಇಲ್ಲ, ಇರ್ಲಿ ಅಂತ" ಎಂದರು. ಅಂತೂ ಮೈದಾನ ಮುಗಿಯುವ ಮೊದಲು "ಸರಿ, ಹೋಗು" ಎಂದು ಸಣ್ಣ ದನಿಯಲ್ಲಿ ಹೇಳಿದರು. ಬ್ರೇಕಕ್ಕ ಅಂದವಾಗಿ ದಾಟಿದರು. ಆಗ ಮೈದಾನದ ತುದಿಯಲ್ಲಿ ನಿಂತಿದ್ದ ಅಧಿಕಾರಿ ಕೆಂಪು ಬಾವುಟ ಎತ್ತಿದರು. ತಕ್ಷಣ ನಿಲ್ಲಿಸಬೇಕು, ಬಿಳಿ ಗೆರೆಯ ಈಚೆಗೆ.

ಬ್ರೇಕಕ್ಕನ ಎಡಗಾಲು ಇಪ್ಪತ್ತಾರು ವರ್ಷ ಮಾಡಿದ್ದನ್ನೇ ಮಾಡಿತು. ಇದ್ದ ಬಲವನ್ನೆಲ್ಲ ಹಾಕಿ ಎದುರಿಗೆ ಸಿಕ್ಕಿದ್ದನ್ನು ಒತ್ತಿತು. ಅಲ್ಲಿದ್ದದ್ದು ಕ್ಲಚ್ಚು. ಇಂಜಿನ್ನಿನ ಹಿಡಿತ ತಪ್ಪಿದ ಕಾರು ಸಲೀಸಾಗಿ ಉರುಳುತ್ತ ಹೋಯಿತು. ಬಲಗಾಲು ಬ್ರೇಕು ಹುಡುಕಿ ಒತ್ತುವಷ್ಟರಲ್ಲಿ ಮುಂದಿನ ಚಕ್ರಗಳು ಗೆರೆ ದಾಟಿದ್ದವು. ಟೈಲರು ತಮ್ಮ ಕಡೆಯ ಖಾಲಿ ನೆಲವನ್ನು ಎರಡೂ ಕಾಲಿನಿಂದ ಒತ್ತಿ ಹಿಡಿದು ಕೂತಿದ್ದರು.

ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ದನಿಯಲ್ಲಿ ಬಿರುಸಿರಲಿಲ್ಲ. "ಇನ್ನೊಂದು ಅವಕಾಶ ಕೊಡಬಹುದು ಮೇಡಂ. ಅದರಲ್ಲೂ ಆಗದಿದ್ರೆ ಸ್ಟಿಯರಿಂಗ್ ಬಲಗಡೆಗೆ ಹಾಕಿಸ್ಕೊಂಡೇ ಬನ್ನಿ. ಬೇರೆ ದಾರಿ ಇಲ್ಲ."

ಮನೆಗೆ ಬಂದು ಬ್ರೇಕಕ್ಕ ಶೂ ಬಿಚ್ಚಿ ಎಡಗಾಲನ್ನೇ ನೋಡುತ್ತ ಕೂತರು. "ಅನ್ನ ಹಾಕಿದ ಕಾಲು. ಬಯ್ಯೋ ಹಾಗೂ ಇಲ್ಲ" ಎಂದರು.

"ಬೈದ್ರೆ ಕೇಳೋದೂ ಇಲ್ಲ. ನಾನು ಕೆಲಸ ಕಲಿಯುವಾಗ ಸೂಜಿ ಚುಚ್ಚದ ಹಾಗೆ ನಡುಬೆರಳಿಗೆ ಲೋಹದ ಅಂಗುಸ್ತಾನ ಹಾಕಿದ್ರೂ ಸೂಜೀನ ಬರೀ ಹೆಬ್ಬೆರಳಲ್ಲೇ ತಳ್ತಿದ್ದೆ. ಮೇಸ್ತ್ರಿ ಬೈದು ಬೈದು ಸಾಕಾಗಿ, ಒಂದು ಬಟ್ಟೆ ಪಟ್ಟಿ ತಗೊಂಡು ನಡುಬೆರಳನ್ನ ಮಡಿಚಿ ಕಟ್ಟಿಬಿಟ್ಟ. ಊಟ ಮಾಡುವಾಗ್ಲೂ ಬಿಚ್ಚೋ ಹಾಗಿಲ್ಲ. ಎಲ್ಲಿ ಬಿಗಿ ಇರುತ್ತೋ ಅಲ್ಲಿಗೇ ಗಮನ ಹೋಗುತ್ತೆ. ಆಮೇಲೆ ಆ ಬೆರಳೇ ಮುಂದೆ ಬರೋಕೆ ಶುರುವಾಯ್ತು."

ಮರುದಿನ ಸಂಜೆ ಟೈಲರು ಕೋಟಿನ ಒಳಬಟ್ಟೆಯಲ್ಲಿ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಅಂಚು ಮಡಿಚಿ ಹೊಲಿದು ತಂದರು. ಹೆಂಡತಿಯ ಬಲಗಾಲಿನ ಶೂ ಮೇಲೆ, ಪಾದಕ್ಕೆ ಬಿಗಿಯಾಗಿ ಸುತ್ತಿ ಕಟ್ಟಿದರು. ಆಮೇಲೆ ಬಲಗಡೆಯ ಸೀಟಿಗೆ ಇಳಿದು ಗುಂಡಿ ಹೊಲಿಯತೊಡಗಿದರು. ಇಂಜಿನ್ ಆರಿಸಿಯೇ ಇತ್ತು. ಶೆಡ್ಡಿನ ಗೋಡೆಯೇ ರಸ್ತೆ.

"ಈ ಗಿರಾಕಿಗೆ ಹೊಟ್ಟೆ ಬಂದಿದೆ. ಒಪ್ಪಿಕೊಳ್ಳಲ್ಲ. ಬಟ್ಟೆನೇ ಕುಗ್ಗಿದೆ ಅಂತಾನೆ. ನಿಲ್ಲು!"

ಎಡಗಾಲು ಒಂಟಿಯಾಗಿ ಇಳಿಯಿತು.

"ಚ್" ಎಂದರು ಟೈಲರು. ಬ್ರೇಕಕ್ಕ ತಿರುಗಿ ನೋಡಿದರು. ಶಿಷ್ಯರು ತಪ್ಪಿದಾಗ ಅವರೇ ಹೊರಡಿಸುವ ಶಬ್ದ ಅದು.

"ಮೂರೇ ಪಾಠದಲ್ಲಿ ಇದನ್ನ ಕಲ್ತ್ರಾ?"

"ಕಲಿಯೋಕೆ ಸಿಕ್ಕಿದ್ದು ಅದೊಂದೇ."

ಪ್ರತಿ ಸಂಜೆ ಅದೇ ನಡೆಯಿತು. ಮಾತಿನ ನಡುವೆ, ಸೂಜಿಗೆ ದಾರ ಪೋಣಿಸುವಾಗ, ಕೆಲವೊಮ್ಮೆ ಹೆಂಡತಿ ನಗುತ್ತಿರುವಾಗ "ನಿಲ್ಲು" ಬೀಳುತ್ತಿತ್ತು. "ಚ್" ಕ್ರಮೇಣ ಅಪರೂಪವಾಯಿತು. ಬ್ರೇಕಕ್ಕ ಕೂಡ ಸುಮ್ಮನಿರಲಿಲ್ಲ. ಹಜಾರದಲ್ಲಿ ಗಂಡನನ್ನು ಕುರ್ಚಿಯ ಮೇಲೆ ಕೂರಿಸಿ, ಕಿಟಕಿಯಿಂದ ರಸ್ತೆ ತೋರಿಸಿ, ಯಾವ ವಾಹನ ಎಷ್ಟು ದೂರದಲ್ಲಿದ್ದರೆ ಬೇಡ, ಎಷ್ಟು ದೂರದಲ್ಲಿದ್ದರೆ ಹೋಗು ಎಂಬುದನ್ನು ಹೇಳಿಕೊಟ್ಟರು. ಈ ಪಾಠದಲ್ಲಿ ಒತ್ತಲು ಅವರ ಬಳಿ ಬ್ರೇಕು ಇರಲಿಲ್ಲ.

ಎರಡನೆಯ ಸಲ ಬಾವುಟ ಎದ್ದಾಗ ಎರಡೂ ಕಾಲುಗಳು ಒಟ್ಟಿಗೆ ಇಳಿದವು. ಕಾರು ಮೂತಿ ತಗ್ಗಿಸಿ, ಗೆರೆಯಿಂದ ಒಂದು ಕಾರಿನಷ್ಟು ಹಿಂದೆಯೇ ನಿಂತಿತು. ಟೈಲರ ಮಡಿಲಿನಲ್ಲಿದ್ದ ಕನ್ನಡಕ ಮುಂದೆ ಹೋಗಿ ಬಿತ್ತು. ಅಧಿಕಾರಿ ಬಗ್ಗಿ ಒಳಗೆ ನೋಡಿದರು. "ಕಾಲಿಗೆ ಏನಾಗಿದೆ ಮೇಡಂ?"

"ಏನೂ ಆಗಿಲ್ಲ. ಟೈಲರು ಅಳತೆ ತಗೊಂಡಿದ್ದಾರೆ."

ನಂಬರು ಬಂತು. ಫಲಕವನ್ನು ಟೈಲರೇ ತಿರುಪು ಹಾಕಿ ಕೂರಿಸಿದರು. ಭಾನುವಾರ ಬೆಳಿಗ್ಗೆ ಇಬ್ಬರೂ ಹೆದ್ದಾರಿಗೆ ಹೊರಟರು. ಮೊದಲ ಬಾರಿಗೆ ಲಾರಿಯ ನೆರವಿಲ್ಲದೆ ಗೇಟು ದಾಟಿದ ಕಾರನ್ನು ನರ್ಸಮ್ಮ ನೋಡಿದರು. ಕೈ ಬೀಸಿದರು.

ಊರು ದಾಟಿದ ಮೇಲೆ ಮುಂದೆ ಸಿಮೆಂಟ್ ತುಂಬಿದ ಲಾರಿಯೊಂದು ಅಡ್ಡವಾಯಿತು. ಎಡಗಡೆಯ ಸೀಟಿನಿಂದ ಬ್ರೇಕಕ್ಕನಿಗೆ ಕಂಡದ್ದು ಲಾರಿಯ ಹಿಂಬದಿಯ ಹಲಗೆ ಮತ್ತು ಅದರ ಮೇಲಿನ ಧೂಳು ಮಾತ್ರ. ಟೈಲರು ಕಿಟಕಿಯ ಕಡೆ ವಾಲಿದರು.

"ಬೇಡ. ಬಸ್ಸು ಬರ್ತಿದೆ." ಬಸ್ಸು ಹೋಯಿತು. "ಅದರ ಹಿಂದೆ ಒಂದು ಕಾರು." ಕಾರೂ ಹೋಯಿತು.

ಬ್ರೇಕಕ್ಕ ಕೇಳಲಿಲ್ಲ. ಕಾದರು.

"ಖಾಲಿ. ಹೋಗು."

ಕಾರನ್ನು ಒಂದಿಷ್ಟು ಬಲಕ್ಕೆ ಸರಿಸಿ ತಾವೇ ಇಣುಕಿ ನೋಡಿಕೊಳ್ಳಬಹುದಿತ್ತು. ಅವರು ನೋಡಲಿಲ್ಲ. ಪಟ್ಟಿ ಕಟ್ಟಿದ ಬಲಗಾಲು ಕೆಳಗಿಳಿಯಿತು. ಆರು ಸಿಲಿಂಡರುಗಳು ಒಮ್ಮೆಲೇ ಎಚ್ಚೆತ್ತವು. ಇಬ್ಬರ ಬೆನ್ನೂ ಸೀಟಿಗೆ ಅಂಟಿತು, ಲಾರಿ ಪಕ್ಕದಲ್ಲಿ ಹಿಂದೆ ಸರಿದುಹೋಯಿತು. ಮುಂದೆ ರಸ್ತೆ ನೇರವಾಗಿ, ಖಾಲಿಯಾಗಿ ಬಿದ್ದಿತ್ತು. ಬ್ರೇಕಕ್ಕ ತುಂಬ ಹೊತ್ತು ಕಾಲು ತೆಗೆಯಲಿಲ್ಲ. ಟೈಲರೂ "ನಿಲ್ಲು" ಎನ್ನಲಿಲ್ಲ.

ವೇಗ ಇಳಿದ ಮೇಲೆ ಅವರು, "ಇವತ್ತು ನಿನ್ನ ಕಾಲು ನನ್ನ ಮಾತು ಕೇಳ್ತು" ಎಂದರು.

"ಕಾಲಲ್ಲ ರೀ, ಪಟ್ಟಿ."

ಸೋಮವಾರ ಬೆಳಿಗ್ಗೆ ಹೊಸ ಶಿಷ್ಯನೊಬ್ಬ ಫುಟ್‌ಪಾತಿನ ಕಟ್ಟೆಗೆ ಚಕ್ರ ಹತ್ತಿಸಲು ಹೊರಟ. ಬ್ರೇಕಕ್ಕನ ಬಲಗಾಲು ಮುಂದಾಯಿತು, ಖಾಲಿ ನೆಲವನ್ನು ಒತ್ತಿತು. ಎಡಗಾಲು ಒಂದು ಕ್ಷಣ ತಡವಾಗಿ ಎರಡನೆಯ ಬ್ರೇಕಿಗೆ ಬಂತು. ಚಕ್ರ ಕಟ್ಟೆಗೆ ತಾಗಿಯೇ ನಿಂತಿತು. ಬ್ರೇಕಕ್ಕ ಚೀಲದಿಂದ ಪಟ್ಟಿಯನ್ನು ತೆಗೆದು, ಬಗ್ಗಿ, ಎಡಗಾಲಿನ ಶೂಗೆ ಬಿಗಿಯಾಗಿ ಕಟ್ಟಿಕೊಂಡರು.

"ನೋವಾ ಅಕ್ಕಾ?" ಎಂದ ಶಿಷ್ಯ.

"ಇಲ್ಲಪ್ಪ. ಇವತ್ತು ಸೋಮವಾರ ಅಂತ ಇದಕ್ಕೆ ಹೇಳ್ತಿದೀನಿ. ನೀನು ಕ್ಲಚ್ಚು ಒತ್ತು, ಮೊದಲನೇ ಗೇರು ಹಾಕು."