ಕೆಂಚನ ನಿದ್ದೆ

ಪೆಟ್ಟಾದ ಬೀದಿನಾಯಿಗಳನ್ನು ಹೊತ್ತು ತರುವ ಗುಂಪೊಂದು ನಮ್ಮ ಹಿಂದೂಪುರದಲ್ಲಿತ್ತು. ವಾಸಿಯಾಗುವವರೆಗೆ ಅವು ಇರುತ್ತಿದ್ದದ್ದು ನಮ್ಮ ಮನೆಯಲ್ಲಿ. ಹಾಗೆ ಬಂದ, ಕಾಲು ಮುರಿದ ನಾಯಿ ಕೆಂಚನಿಗೆ ನನ್ನ ಹೆಂಡತಿಯ ಮಗ್ಗದ ಸದ್ದಿದ್ದರೆ ಮಾತ್ರ ನಿದ್ದೆ. ವಾಸಿಯಾದ ಮೇಲೆ ಕಲ್ಯಾಣದುರ್ಗದ ಕಡೆಯ ಕುರಿಗಾಹಿ ತಿಪ್ಪಣ್ಣ ಅದನ್ನು ಸಾಕಲು ಒಯ್ದ.

ಹೆಂಡತಿ ತೀರಿಕೊಂಡು ಮನೆ ಬಿಕೋ ಅನ್ನತೊಡಗಿದಾಗ, ಕೆಂಚನನ್ನು ವಾಪಸು ಕೇಳೋಣವೆಂದು ಹೋದೆ.

ಕೆಂಚ ನನ್ನ ಕೈ ನೆಕ್ಕಿ, ತಿಪ್ಪಣ್ಣನ ಕಾಲ ಬಳಿ ಹೋಗಿ ಮಲಗಿತು. ಅವನು ಕೋಲಿನಿಂದ ಮರದ ಹಲಗೆಯೊಂದನ್ನು ಮಗ್ಗದ ಸದ್ದಿನಂತೆ ಟಕ್ ಟಕ್ ಎಂದು ಬಡಿಯತೊಡಗಿದ.

“ಹಿಂಗೆ ಬಡೀತಿದ್ರೇನೇ ಮಲಗೋದು ಕಣಣ್ಣ. ಅಕ್ಕನೇ ಹೇಳ್ಕೊಟ್ಟಿದ್ಲು. ಹೆಂಗವ್ಳೆ?”

“ತೀರ್ಕೊಂಬುಟ್ಲು ಕಣಪ್ಪ.”

ಕೋಲು ನಿಂತಿತು. ಕೆಂಚ ತಲೆ ಎತ್ತಿತು.

“ಬಡಿಯಪ್ಪ, ನಿಲ್ಲಿಸ್ಬೇಡ,” ಅಂದೆ.

ಕೇಳಬೇಕೆಂದು ಹೋದದ್ದನ್ನು ಕೇಳಲೇ ಇಲ್ಲ. ಎಷ್ಟೋ ದಿನದಿಂದ ಬಾರದ ನಿದ್ದೆ, ಗೋಡೆಗೊರಗಿದ್ದಲ್ಲೇ ನನಗೂ ಹತ್ತಿತು. ಊರಿನ ಬಸ್ಸು ತಪ್ಪಿಹೋಯಿತು.