ಹನ್ನೆರಡನೇ ರೀಲಿನ ಚೀಟಿ

ಹೊಳೆನರಸೀಪುರದ ಬಸ್ ನಿಲ್ದಾಣದ ಹಿಂದೆ ಆಗ ಒಂದು ಟಾಕೀಸು ಇತ್ತು. ಅದರ ಮೆಷೀನ್ ರೂಮಿನಲ್ಲಿ, ಬಲಗಡೆಯ ಪ್ರೊಜೆಕ್ಟರಿನ ಪಕ್ಕದಲ್ಲಿ, ಪರದೆ ಕಾಣುವ ಕಿಂಡಿಗೆ ಬೆನ್ನು ಹಾಕಿ ನಾನು ನಿಂತಿದ್ದೆ. ಶ್ರಾವಣದ ಮೊದಲ ಶುಕ್ರವಾರ, ಮ್ಯಾಟಿನಿ ಆಟ, ಐದು ಗಂಟೆಗೆ ಹತ್ತು ನಿಮಿಷ ಇತ್ತು. ಇದು ಮೂವತ್ತೆಂಟು ವರ್ಷದ ಹಿಂದಿನ ಮಾತು. ವರ್ಷದಲ್ಲಿ ಒಂದು ಹೆಚ್ಚುಕಡಿಮೆ ಆಗಿರಬಹುದು. ಗಡಿಯಾರದಲ್ಲಿ ಆಗಿಲ್ಲ. ಬೆನ್ನು ಹಾಕಿದ್ದೆ ಎಂಬುದರಲ್ಲೂ ಆಗಿಲ್ಲ.

ನಾನು ಆ ಟಾಕೀಸಿನ ಆಪರೇಟರ್. ಅವತ್ತು ಬಿಡುಗಡೆಯಾಗಿದ್ದದ್ದು ನಮ್ಮ ಹೇಮಾವತಿ ಹಿನ್ನೀರಿನ ಕಡೆಯೇ ತೆಗೆದಿದ್ದ ಒಂದು ಸಣ್ಣ ಪಿಕ್ಚರು. ಹೆಸರಾಂತ ನಟರು ಯಾರೂ ಇರಲಿಲ್ಲ. ಕಥೆ ಇಷ್ಟು: ಅಣ್ಣ ತಮ್ಮ ಇಬ್ಬರು. ಅಣೆಕಟ್ಟಿನ ನೀರು ಬಂದು ಹಳೆ ಊರು ಮುಳುಗುತ್ತದೆ. ಮುಳುಗುವ ಮುಂಚೆ ಹಿರಿಯರ ಮನೆಯ ಬಾಗಿಲುವಾಡವನ್ನು ತಮ್ಮ ಕಿತ್ತು ಮಾರಿಕೊಂಡ ಎಂದು ಅಣ್ಣ ನಂಬುತ್ತಾನೆ. ಇಬ್ಬರಿಗೂ ಮಾತು ಬಿಟ್ಟುಹೋಗುತ್ತದೆ. ಎಷ್ಟೋ ವರ್ಷವಾದ ಮೇಲೆ, ಕೊನೆಯಲ್ಲಿ, ಅಣ್ಣ ತಾನಾಗಿ ತಮ್ಮನ ಮನೆಗೆ ಬಂದು ಕೈ ತೊಳೆದು ಊಟಕ್ಕೆ ಕೂರುತ್ತಾನೆ.

ಪಿಕ್ಚರಿಗೆ ಹದಿನಾಲ್ಕು ರೀಲು. ಒಂದೊಂದು ರೀಲು ಹೆಚ್ಚುಕಡಿಮೆ ಹತ್ತು ನಿಮಿಷ. ಹನ್ನೆರಡನೇ ರೀಲು ಶುರುವಾದ ಕೂಡಲೇ ಮಾತು ನಿಂತುಹೋಯಿತು. ಕೆಳಗಿನಿಂದ ಸಿಳ್ಳೆ ಬಂತು. ಫಿಲ್ಮಿನಿಂದ ಸದ್ದು ಎತ್ತುವ ಸೌಂಡ್ ಬಾಕ್ಸಿನ ದೀಪ ಹೋಯಿತೆಂದುಕೊಂಡು ನಾನು ಕಿಂಡಿ ಬಿಟ್ಟು ಮೆಷೀನಿನ ಕಡೆ ತಿರುಗಿದೆ. ಮುಚ್ಚಳ ತೆಗೆದೆ. ದೀಪ ಉರಿಯುತ್ತಿತ್ತು. ವೈರು ಅಲುಗಿಸಿ ನೋಡಿದೆ. ರೂಮಿನ ಸಣ್ಣ ಸ್ಪೀಕರಿಗೆ ಕಿವಿ ಕೊಟ್ಟಾಗ ದೋಣಿಯ ಹುಟ್ಟು ನೀರಿಗೆ ಬೀಳುವ ಸದ್ದು ಕೇಳಿಸಿತು. ಆ ಹೊತ್ತಿಗೆ ಕೆಳಗೆ ಕುರ್ಚಿಗಳು ದಡದಡ ಮಡಚಿಕೊಳ್ಳತೊಡಗಿದ್ದವು. ಅರಕಲಗೂಡು ಕಡೆಯ ಹಳ್ಳಿಗಳಿಗೆ ಹೋಗುವ ಬಸ್ಸು ಐದೂಕಾಲಿಗೆ. ಪಿಕ್ಚರು ಮುಗಿಯುವುದು ಐದೂ ಇಪ್ಪತ್ತಕ್ಕೆ.

ಗೇಟ್‌ಕೀಪರ್ ಮೆಟ್ಟಿಲು ಹತ್ತಿ ಓಡಿ ಬಂದ.

"ಅಣ್ಣೋ, ಸೌಂಡ್ ಓಯ್ತಾ? ಜನ ಎದ್ದು ಓಯ್ತಾವ್ರೆ."

"ಸೌಂಡ್ ಸರಿಯಾಗದೆ ಕಣೋ. ಪಿಕ್ಚರೇ ಅಂಗದೆ."

"ಮಾತಾಡದೆ ಇರೋಕೆ ಪಿಚ್ಚರ್ ಯಾಕ್ ತೆಗುದ್ರು, ಮನೇಲೇ ಕುಂತಿದ್ರಾಗದಲ್ವಾ" ಎಂದು ಗೊಣಗುತ್ತಾ ಅವನು ಬಾಗಿಲು ತೆಗೆಯಲು ಹೋದ. ನಾನು ಹದಿಮೂರನೇ ರೀಲನ್ನು ಎಡಗಡೆಯ ಮೆಷೀನಿಗೆ ಏರಿಸತೊಡಗಿದೆ.

ಆಟ ಮುಗಿದ ಮೇಲೆ ಮ್ಯಾನೇಜರು ನನ್ನನ್ನು ಕರೆದರು. "ಹತ್ತು ನಿಮಿಷ ಎಲ್ಲಾದರೂ ಕಡಿಮೆ ಮಾಡಪ್ಪ, ಜನ ಬಸ್ ಹತ್ಬೇಕು" ಎಂದರು. ಅಷ್ಟೇ. ಯಾವ ರೀಲು ಎಂದು ಅವರು ಹೇಳಲಿಲ್ಲ. ಆರಿಸಿದವನು ನಾನು.

ಆಪರೇಟರಿಗೆ ರೀಲುಗಳು ಕಣ್ಣಿಗಿಂತ ಕಿವಿಯಿಂದಲೇ ಹೆಚ್ಚು ಗುರುತು. ಇದು ಹಾಡಿನ ರೀಲು, ಇದು ಫೈಟಿನದು, ಇದು ಅಳುವಿನದು. ಹನ್ನೆರಡರಲ್ಲಿ ಏನೂ ಇರಲಿಲ್ಲ. ಅದನ್ನು ಡಬ್ಬದಲ್ಲೇ ಬಿಟ್ಟೆ. ಅವತ್ತಿನ ಸಂಜೆಯ ಆಟದಿಂದ ಹನ್ನೊಂದಾದ ಮೇಲೆ ಹದಿಮೂರು ಓಡಿತು. ಬಸ್ಸು ತಪ್ಪಿತೆಂದು ಆಮೇಲೆ ಯಾರೂ ದೂರಲಿಲ್ಲ.

ವಾರ ಕಳೆದು ಪೆಟ್ಟಿಗೆ ಅರಕಲಗೂಡಿಗೆ ಹೊರಟಿತು. ರೀಲಿನ ಡಬ್ಬಗಳನ್ನು ತುಂಬುವ ಆ ತಗಡಿನ ಪೆಟ್ಟಿಗೆಯಲ್ಲಿ ಮುಂದಿನ ಆಪರೇಟರಿಗೆ ಒಂದು ಚೀಟಿ ಇಡುವುದು ನಮ್ಮಲ್ಲಿ ಪದ್ಧತಿ. ಫಿಲ್ಮಿಗೆ ಹಾಕಿದ ಅಂಟು ಎಲ್ಲಿ ಬಿಟ್ಟಿದೆ, ಅಂಚಿನ ತೂತು ಎಲ್ಲಿ ಹರಿದಿದೆ, ಎಲ್ಲಿ ಮೆಷೀನಿನ ಮೇಲೆ ಕೈ ಇಟ್ಟುಕೊಂಡಿರಬೇಕು, ಇಷ್ಟು. ಮುಖ ನೋಡದ ಒಬ್ಬ ಆಪರೇಟರ್ ಬರೆದ ಚೀಟಿಯನ್ನು ಇನ್ನೊಬ್ಬ ಅನುಮಾನಿಸುತ್ತಿರಲಿಲ್ಲ. ನಾನು ಬರೆದದ್ದು ಅಕ್ಷರಶಃ ನೆನಪಿದೆ: "ಐದರಲ್ಲಿ ಅಂಟು ವೀಕು. ಹನ್ನೆರಡು ಬೇಡ, ಖಾಲಿ."

ಆ ಚೀಟಿ ಅರಕಲಗೂಡಿಗೆ ಹೋಯಿತು. ಅಲ್ಲಿಂದ ಪೆಟ್ಟಿಗೆಯ ಜೊತೆ ಚನ್ನರಾಯಪಟ್ಟಣಕ್ಕೂ ಹೋಯಿತು. ಅರಕಲಗೂಡಿನಲ್ಲಿ ನಾಲ್ಕು ದಿನ, ಚನ್ನರಾಯಪಟ್ಟಣದಲ್ಲಿ ಮೂರು ದಿನ ಓಡಿ ಪಿಕ್ಚರು ವಾಪಸಾಯಿತು.

ಅರಕಲಗೂಡಿನ ಹೈಸ್ಕೂಲಿನಲ್ಲಿ ಆಗ ಒಬ್ಬ ಕನ್ನಡ ಮೇಷ್ಟ್ರು ಇದ್ದರು. ಹಾಸನದ ಒಂದು ವಾರಪತ್ರಿಕೆಗೆ ಸಿನಿಮಾ ಬಗ್ಗೆ ಬರೆಯುತ್ತಿದ್ದರು, ನಮ್ಮ ಟಾಕೀಸಿಗೂ ಬಂದು ಹೋಗುತ್ತಿದ್ದರು. ನಾಲ್ಕು ದಿನದಲ್ಲಿ ಎರಡು ಸಲ ಈ ಪಿಕ್ಚರು ನೋಡಿ ಬರೆದರು. ಹಿನ್ನೀರನ್ನೂ ಅಣ್ಣನ ಪಾತ್ರದವನ ನಡಿಗೆಯನ್ನೂ ಹೊಗಳಿ, ಕೊನೆಯಲ್ಲಿ, ಅಣ್ಣನ ಮನಸ್ಸು ಯಾಕೆ ತಿರುಗಿತೆಂದು ಈ ನಿರ್ದೇಶಕರಿಗೇ ಗೊತ್ತಿಲ್ಲ, ಊಟದ ಹೊತ್ತಾಯಿತೆಂದು ಕಥೆ ಮುಗಿಸಿದ್ದಾರೆ ಎಂದಿದ್ದರು. ಕ್ಷೌರದಂಗಡಿಯಲ್ಲಿ ಕೂತು ಅದನ್ನು ಓದಿದೆ. ಹನ್ನೆರಡನೇ ಡಬ್ಬದ ನೆನಪಾಯಿತು. ಆದರೆ ಅದರಲ್ಲಿ ಏನಿದೆಯೆಂದು ನನಗೂ ಗೊತ್ತಿರಲಿಲ್ಲ. ಪತ್ರಿಕೆ ಮಡಚಿಟ್ಟೆ. ಆಮೇಲೆ ಮೇಷ್ಟ್ರು ಆ ಬರಹಗಳನ್ನು ಸೇರಿಸಿ ಒಂದು ಪುಸ್ತಕ ಮಾಡಿದರು. ಆ ಪಿಕ್ಚರಿನ ಬಗ್ಗೆ ನನಗೆ ಗೊತ್ತಿರುವಂತೆ ಅಚ್ಚಾಗಿರುವುದು ಆ ಒಂದು ಪುಟ ಮಾತ್ರ.

ಟಾಕೀಸು ಈಗ ಕಲ್ಯಾಣ ಮಂಟಪ. ನಾನು ಹಾಸನದಲ್ಲಿ ಮಗಳ ಮನೆಯಲ್ಲಿದ್ದೇನೆ. ಹೋದ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಅವಳು, "ಅಪ್ಪ, ನೀವು ಹೇಳ್ತಿದ್ದ ಬಾಗಿಲುವಾಡದ ಪಿಕ್ಚರು ಇದೇನಾ ನೋಡಿ, ಯಾರೋ ಇಂಟರ್‌ನೆಟ್ಟಿಗೆ ಹಾಕಿದ್ದಾರೆ" ಎಂದು ಟಿವಿಯಲ್ಲಿ ಹಚ್ಚಿ ಪಾಠ ಮಾಡಲು ಕಾಲೇಜಿಗೆ ಹೋದಳು. ಬಣ್ಣ ಮಾಸಿತ್ತು. ಉಳಿದಂತೆ ಪೂರ್ತಿ ಇತ್ತು.

ಹನ್ನೊಂದು ಮುಗಿಯುವ ಗುರುತಿಗೆ ಬಲ ಮೇಲ್ಮೂಲೆಯಲ್ಲಿ ಚುಕ್ಕೆ ಬಂದಾಗ, ಮೆಷೀನು ಬದಲಿಸಲು ನನ್ನ ಕೈ ತಾನಾಗಿ ಮೇಲೆದ್ದಿತು. ಆಮೇಲೆ ಹನ್ನೆರಡನ್ನು ಮೊದಲನೇ ಸಲ ನೋಡಿದೆ.

ಬೇಸಿಗೆ. ನೀರು ಇಳಿದಿದೆ. ಅಣ್ಣ ಒಬ್ಬನೇ ಹರಿಗೋಲು ಹಾಕಿಕೊಂಡು ಹಳೆ ಊರಿನ ಜಾಗಕ್ಕೆ ಬರುತ್ತಾನೆ. ದೂರದಲ್ಲಿ ಶೆಟ್ಟಿಹಳ್ಳಿಯ ಚರ್ಚಿನ ಗೋಡೆ ಕಾಣುತ್ತದೆ. ಮನೆಯ ಅರ್ಧ ಗೋಡೆ ನಿಂತಿದೆ. ಬಾಗಿಲುವಾಡ ಇದ್ದ ಜಾಗದಲ್ಲಿ ಅವನು ಬೆರಳಾಡಿಸುತ್ತಾನೆ. ಮಾರುವ ಆತುರದಲ್ಲಿ ಕಿತ್ತ ಹಾಗಿಲ್ಲ. ಸುತ್ತ ಉಳಿಯಿಟ್ಟು, ನಿಧಾನವಾಗಿ ಬಿಡಿಸಿದ್ದಾರೆ. ಹರಿಗೋಲು ಆಚೆ ದಡಕ್ಕೆ ಹೋಗುತ್ತದೆ. ತಮ್ಮನ ಮನೆಯಲ್ಲಿ ಯಾರೂ ಇಲ್ಲ, ಹೊಲಕ್ಕೆ ಹೋಗಿದ್ದಾರೆ. ಹಿತ್ತಲ ಕಡೆ ಒಂದು ಕೋಣೆ. ಅದಕ್ಕೆ ಆ ಹಳೆಯ ಬಾಗಿಲುವಾಡ. ಹೊಸಿಲ ಮೇಲೆ ಎತ್ತಿನ ಲಾಳ, ಸೊಟ್ಟಗೆ. ಚಿಕ್ಕಂದಿನಲ್ಲಿ ಅಣ್ಣನೇ ಸೊಟ್ಟ ಹೊಡೆದು ಅಪ್ಪನ ಕೈಲಿ ಬೈಸಿಕೊಂಡದ್ದು ಎರಡನೇ ರೀಲಿನಲ್ಲಿದೆ. ಒಳಗೆ ಒಂದು ಮಂಚ, ಮಡಿಸಿಟ್ಟ ಕಂಬಳಿ. ಯಾರೂ ಮಲಗಿದ ಗುರುತಿಲ್ಲ. ಹೊಸಿಲ ಮೇಲೆ ಕೂರಬಾರದೆಂದು ತಾಯಿ ಅದೇ ಎರಡನೇ ರೀಲಿನಲ್ಲಿ ಗದರಿರುತ್ತಾಳೆ. ಅಣ್ಣ ಹೊಸಿಲ ಮೇಲೆ ಕೂರುತ್ತಾನೆ. ಸ್ವಲ್ಪ ಹೊತ್ತು ಕೂತು ಎದ್ದು ಹರಿಗೋಲಿಗೆ ಹೋಗುತ್ತಾನೆ. ರೀಲು ಮುಗಿಯಿತು.

ಟಿವಿ ಆರಿಸಿದೆ. ರಿಮೋಟು ಹಿಡಿದಿದ್ದ ಬೆರಳುಗಳನ್ನು ನೋಡಿಕೊಂಡೆ. ಖಾಲಿ ಎಂದು ಬರೆದದ್ದು ಈ ಬೆರಳುಗಳೇ.

ಸತ್ತುಹೋದ ಮ್ಯಾನೇಜರಿಗೆ ಹೇಳಿ ಪ್ರಯೋಜನವಿಲ್ಲ. ನಿರ್ದೇಶಕರೂ ಇಲ್ಲ. ಮೇಷ್ಟ್ರಿದ್ದಾರೆ, ಎಂಬತ್ತಾರು ವರ್ಷ. ಆ ಪುಟ ಅವರದು. ಬದಲಾಯಿಸಬೇಕಾದರೆ ಅವರೇ ಬದಲಾಯಿಸಬೇಕು, ಅದೂ ಅವರು ಇರುವಾಗಲೇ. ಗೇಟ್‌ಕೀಪರನಿಗೆ ಫೋನ್ ಮಾಡಿದೆ. ಅವನು ಟಾಕೀಸಿನ ಸೈಕಲ್ ಸ್ಟ್ಯಾಂಡ್ ನೋಡಿಕೊಳ್ಳುತ್ತಿದ್ದ ಹುಡುಗಿಯನ್ನೇ ಮದುವೆಯಾಗಿ ಚನ್ನರಾಯಪಟ್ಟಣದಲ್ಲಿದ್ದಾನೆ. ಭಾನುವಾರ ಗಂಡ ಹೆಂಡತಿ ಬಸ್ಸಿನಲ್ಲಿ ಬಂದರು. ಮೂವರೂ ಅರಕಲಗೂಡಿಗೆ ಹೋದೆವು. ಪಿಕ್ಚರನ್ನು ಮಗಳು ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದಳು.

ಮೇಷ್ಟ್ರು ಜಗಲಿಯಲ್ಲಿ ಕೂತಿದ್ದರು. "ಏನಯ್ಯಾ ಇದು, ಹೆಣ್ಣು ನೋಡೋಕೆ ಬಂದ ಹಾಗೆ ಬಂದಿದ್ದೀರಿ" ಎಂದರು.

"ನಿಮ್ಗೆ ಪಿಚ್ಚರ್ ತೋರ್ಸಕೆ ಬಂದ್ವಿ ಸಾ. ಟಿಕೆಟ್ ಬ್ಯಾಡ" ಎಂದ ಗೇಟ್‌ಕೀಪರ್.

"ಟಿಕೆಟ್ ಹರಿಯದೆ ನಿನ್ನ ಕೈ ಸುಮ್ಮನಿರುತ್ತೇನಯ್ಯಾ?"

"ದಿನಾ ಕ್ಯಾಲೆಂಡರ್ ಅರಿಯದು ಇವ್ರೇ ಸಾ" ಎಂದಳು ಅವನ ಹೆಂಡತಿ. "ಇನ್ಯಾರ್ಗೂ ಬುಡಾಕಿಲ್ಲ."

ಉಪ್ಪಿಟ್ಟು, ಕಾಫಿ ಆಯಿತು. ಪಿಕ್ಚರು ಹಚ್ಚಿದೆ. ಹನ್ನೊಂದರ ಚುಕ್ಕೆ ಬಂದಾಗ ನಿಲ್ಲಿಸಿ, ನಿಂತುಕೊಂಡೇ ಹೇಳಿದೆ. ಬಸ್ಸು, ಡಬ್ಬ, ಚೀಟಿ, ಚೀಟಿಯಲ್ಲಿ ಬರೆದ ಮಾತು, ಒಂದನ್ನೂ ಬಿಡಲಿಲ್ಲ. ಮೇಷ್ಟ್ರು ನನ್ನ ಮುಖ ನೋಡಲಿಲ್ಲ. "ಮುಂದಕ್ಕೆ ಹಾಕು" ಎಂದರು.

ಹರಿಗೋಲು ಆಚೆ ದಡ ಮುಟ್ಟುವ ಮುಂಚೆಯೇ ಗೇಟ್‌ಕೀಪರನ ಹೆಂಡತಿ ಮೆಲ್ಲಗೆ, "ಈಗ ಇತ್ಲಿಗೆ ಓಯ್ತಾನೆ. ಸೊಟ್ಟ ಲಾಳ ಕಾಣ್ತದೆ ನೋಡಿ" ಎಂದಳು.

ಲಾಳ ಕಂಡಿತು. ಗೇಟ್‌ಕೀಪರ್ ಕುರ್ಚಿಯಲ್ಲಿ ಮುಂದಕ್ಕೆ ಜರುಗಿದ.

"ಅವತ್ತು ಮ್ಯಾಟಿನೀಲಿ ಇಂದ್ಗಡೆ ಬೆಂಚಲ್ಲಿ ಕುಂತು ನೋಡಿದ್ದೆ ಸಾ" ಎಂದು ಅವಳು ಮೇಷ್ಟ್ರಿಗೆ ಹೇಳಿದಳು. "ಮದ್ವೆಯಾದಾಗಿಂದ ಇವ್ರಿಗೆ ಏಳ್ತಾನೆ ಇವ್ನಿ. ಅಂಗಿರೋ ಸೀನೇ ಇಲ್ಲ, ನೀನು ಕನಸ್ ಕಂಡಿದ್ದೀಯಾ ಅಂತಾರೆ."

"ವಾರ ಪೂರ್ತಿ ಬಾಗ್ಲಲ್ಲಿ ನಿಂತ್ಕಂಡು ನೋಡಿವ್ನಿ, ಎಲ್ಲಿತ್ತು?" ಎಂದ ಗೇಟ್‌ಕೀಪರ್. ಆಮೇಲೆ ನನ್ನ ಕಡೆ ತಿರುಗಿದ. "ಅವತ್ತು ಬಸ್ನೋರ್ಗೆ ಬಾಗ್ಲು ತೆಗಿತಿದ್ದೆ. ಅಣ್ಣ, ನೀನು ಒಂದ್ ಮಾತು ಏಳಿದ್ರೆ ಮೂವತ್ತೆಂಟು ವರ್ಷ ಇವ್ಳ ಜೊತೆ ಜಗಳ ತಪ್ಪದಲ್ಲೋ."

"ಬೇರೆ ಯಾವ್ದಾರ ಸಿಗ್ತಿತ್ತು ಬುಡಿ" ಎಂದಳು ಅವಳು. ಮೇಷ್ಟ್ರು ನಕ್ಕರು. ನನಗೂ ನಗು ಬಂತು.

ಮೇಷ್ಟ್ರು ಆ ರೀಲನ್ನು ಇನ್ನೊಮ್ಮೆ ಹಾಕಿಸಿದರು. ಊಟದ ದೃಶ್ಯದವರೆಗೂ ನೋಡಿದರು. ಅಣ್ಣ ಕೈ ತೊಳೆಯುವಾಗ ಒಮ್ಮೆ ಹಿತ್ತಲ ಕಡೆ ಕಣ್ಣು ಹಾಯಿಸುತ್ತಾನೆ. ಆ ನೋಟವನ್ನು ನಾನು ಒಂದು ವಾರ ಓಡಿಸಿದ್ದೆ, ಗಮನಿಸಿರಲಿಲ್ಲ. ಮುಗಿದ ಮೇಲೆ ಅವರು ಬೀರುವಿನಿಂದ ತಮ್ಮ ಪುಸ್ತಕ ತರಿಸಿದರು.

"ನಾನು ಬರೆದದ್ದು ಸುಳ್ಳಲ್ಲ. ತೋರಿಸಿದ್ದಕ್ಕೆ ಸರಿಯಾಗೇ ಬರೆದಿದ್ದೀನಿ. ತೋರಿಸಿದ್ದು ತಪ್ಪು."

"ಹೌದು ಮೇಷ್ಟ್ರೇ."

"ಆದರೆ ಎರಡು ಸಲ ನೋಡಿದೆ ನಾನು. ಹನ್ನೊಂದಕ್ಕೂ ಮುಂದಿನದಕ್ಕೂ ನಡುವೆ ಏನೋ ಜಾರಿದೆ ಅಂತ ಎರಡು ಸಲವೂ ಅನ್ನಿಸಿತ್ತು. ಮೆಷೀನ್ ರೂಮಿನ ಮೆಟ್ಟಿಲು ಹತ್ತಿ ಕೇಳಲಿಲ್ಲ. ಬರೆಯೋ ಉತ್ಸಾಹ."

ಪೆನ್ಸಿಲಿನಲ್ಲಿ ಆ ಪುಟದ ಮೇಲೆ ಅಡ್ಡಗೆರೆ ಎಳೆದರು. ಅಂಚಿನಲ್ಲಿ, ಒಂದು ರೀಲು ಇಲ್ಲದ ಪ್ರತಿ ನೋಡಿ ಬರೆದದ್ದು, ಪೂರ್ತಿ ನೋಡಿದ ಮೇಲೆ ಈ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು ಬರೆದು ಸಹಿ ಹಾಕಿದರು. ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.

"ಇದು ನನ್ನ ಒಂದು ಪ್ರತಿಯಲ್ಲಿ ಮಾತ್ರ ಆಯ್ತು. ಉಳಿದದ್ದನ್ನು ನೀನು ಬರಿ. ಪಿಕ್ಚರು ಚೆನ್ನಾಗಿದೆ ಅಂತ ಹೊಗಳಬೇಡ, ನೋಡಿದವರು ಹೇಳ್ಕೋತಾರೆ. ಯಾವತ್ತು, ಎಲ್ಲಿ ನಿಂತಿದ್ದೆ, ಪೂರ್ತಿ ನೋಡಿದವರು ಯಾರಿದ್ದಾರೆ, ಅಷ್ಟು ಬರಿ. ಚೀಟಿ ಬರೆದ ಹಾಗೆ."

ಬಸ್ಸಿಗೆ ಇನ್ನೂ ಹೊತ್ತಿತ್ತು. ಇನ್ನೊಂದು ಸಲ ಕಾಫಿ ಕುಡಿದು ಹೊರಟೆವು.

ಯಾವತ್ತು, ಎಲ್ಲಿ ನಿಂತಿದ್ದೆ ಎಂಬುದನ್ನು ಮೇಲೆಯೇ ಬರೆದಿದ್ದೇನೆ. ಆ ಶುಕ್ರವಾರದ ಮ್ಯಾಟಿನಿಯಲ್ಲಿ ಹನ್ನೆರಡನೇ ರೀಲಿಗೆ ಎದ್ದು ಹೋಗದೆ ಕೂತಿದ್ದವರಲ್ಲಿ, ನಾನು ವಿಚಾರಿಸಿ ತಿಳಿದ ಮಟ್ಟಿಗೆ, ಈಗ ಬದುಕಿರುವವರು ಮೂವರು. ಒಬ್ಬಳು ಅಂದಿನ ಸೈಕಲ್ ಸ್ಟ್ಯಾಂಡಿನ ಹುಡುಗಿ, ಈಗ ಚನ್ನರಾಯಪಟ್ಟಣದಲ್ಲಿ ಮೊಮ್ಮಕ್ಕಳಿರುವ ಅಜ್ಜಿ. ಇನ್ನೊಬ್ಬರು ಈಗ ನುಗ್ಗೇಹಳ್ಳಿಯಲ್ಲಿರುವ ತೆಂಗಿನಕಾಯಿ ವ್ಯಾಪಾರಿ. ಅವತ್ತು ಅವರಿಗೆ ಹಿಡಿಯಬೇಕಾದ ಬಸ್ಸಿರಲಿಲ್ಲ, ಸ್ವಂತ ಸೈಕಲ್ಲಿತ್ತು. ಮೂರನೆಯವರು ಹೊಳೆನರಸೀಪುರದಲ್ಲೇ ಇರುವ ನಿವೃತ್ತ ನರ್ಸಮ್ಮ. ಫೋನಿನಲ್ಲಿ ಪಿಕ್ಚರಿನ ಮಾತು ತೆಗೆದಾಗ, ಆ ರೀಲಿನ ಬಗ್ಗೆ ನಾನು ಏನೂ ಹೇಳುವ ಮೊದಲೇ ಅವರು ಮಂಚದ ಮೇಲಿದ್ದ ಕಂಬಳಿಯ ಮಾತೆತ್ತಿದರು.