ಸೋಮವಾರದ ಕಪಿಲೆ

ಬೇಸಿಗೆ ಬಂದರೆ ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಲೇಬೇಕು ಎಂಬ ಕಾಯಿಲೆ ನಮ್ಮ ಸೀಮೆಗೆ ಬಂದದ್ದು ಚಿನ್ನದ ಗಣಿಯ ಕಡೆಯಿಂದ. ಪ್ಲೇಗು ರೈಲಿನಲ್ಲಿ ಬಂತು ಅನ್ನುತ್ತಿದ್ದರು ಹಿರಿಯರು. ಇದೂ ರೈಲಿನಲ್ಲೇ ಬಂತು. ಮಾರಿಕುಪ್ಪಂನಲ್ಲಿ ಹತ್ತಿ ಬೌರಿಂಗ್‌ಪೇಟೆಯಲ್ಲಿ ಇಳಿಯಿತು. ಈಗಿನ ಬಂಗಾರಪೇಟೆಗೆ ಆಗ ಅದೇ ಹೆಸರು. ನಾವು ಅದರ ಮಗ್ಗುಲ ಹಳ್ಳಿಯವರು. ಒಂದಿಷ್ಟು ಹೊಲ, ಒಂದು ಬಾವಿ, ಒಂದು ಜೊತೆ ಎತ್ತು. ನಮ್ಮಪ್ಪನ ಕಾಲದಲ್ಲಿ ಬಿಸಿಲಿಗೆ ಇದ್ದದ್ದು ಒಂದೇ ಮದ್ದು: ಹೊಂಗೆ ಮರದ ಕೆಳಗೆ ಬಿದ್ದುಕೊಳ್ಳುವುದು. ದೊಡ್ಡವರು ಬಿದ್ದುಕೊಳ್ಳುತ್ತಿದ್ದರು, ಮಕ್ಕಳು ಬಿದ್ದುಕೊಳ್ಳುತ್ತಿದ್ದವು, ಪಕ್ಕದಲ್ಲಿ ನಾಯಿಯೂ ಬಿದ್ದುಕೊಳ್ಳುತ್ತಿತ್ತು. ಇದಕ್ಕೊಂದು ಹೆಸರಿಡಬೇಕೆಂದು ಯಾರಿಗೂ, ನಾಯಿಗೂ ಸಹ, ತೋಚಿರಲಿಲ್ಲ.

ನಮ್ಮ ವಂಶದಲ್ಲಿ ಆ ಕಾಯಿಲೆ ಮೊದಲು ತಗುಲಿದ್ದು ನನ್ನ ಷಡ್ಡಕರಿಗೆ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡನಿಗೆ. ಅವರು ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರು, ರಾಬರ್ಟ್‌ಸನ್‌ಪೇಟೆಯಲ್ಲಿ ಬಾಡಿಗೆ ಮನೆ. ಹುಟ್ಟಿದ್ದು ನನ್ನ ಹಾಗೆಯೇ ಕೊಟ್ಟಿಗೆಯ ಮಗ್ಗುಲಲ್ಲಿ. ಆದರೆ ಕುರ್ಚಿಯ ಮಹಿಮೆ ದೊಡ್ಡದು. ಕೂತು ಕೂತು ಅವರಿಗೆ ಭಾನುವಾರ ಸಂಡೇ ಆಯಿತು, ಬಿಸಿಲು ಹೀಟ್ ಆಯಿತು, ಮಕ್ಕಳು ಚಿಲ್ಡ್ರನ್ ಆದರು. ತಲೆಗೊಂದು ಬೆಂಡಿನ ಟೋಪಿ. ಯಾವ ದೊರೆಯ ತಲೆಯಿಂದ ಇಳಿದು ಬಂದದ್ದೋ ಕಾಣೆ, ಇವರ ತಲೆಗೆ ಬಂದು ಕಿವಿಯ ಮೇಲೆ ವಿಶ್ರಾಂತಿ ಪಡೆಯುತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ ಒಂದು ವಿಷಯ ಇತ್ಯರ್ಥವಾಗಬೇಕಿತ್ತು. ನಮ್ಮ ಅತ್ತೆಗೆ ಗಂಡುಮಕ್ಕಳಿಲ್ಲ, ಇಬ್ಬರು ಹೆಣ್ಣುಮಕ್ಕಳೇ. ಮಾವ ತೀರಿದ ಮೇಲೆ ನಮ್ಮ ಮನೆಯಲ್ಲಿದ್ದರು. ಹೊಲ, ಹಟ್ಟಿ, ಮೂರು ಮಕ್ಕಳು, ಎಲ್ಲವನ್ನೂ ಅವರು ಹಿಡಿದುಕೊಂಡಿದ್ದರಿಂದಲೇ ನನ್ನ ಹೆಂಡತಿಗೆ ಉಸಿರಾಡಲು ಪುರುಸೊತ್ತು. ದೊಡ್ಡ ಮಗಳೂ ಬಿಡಲಿಲ್ಲ. ಅಮ್ಮ ಇನ್ನು ನಮ್ಮಲ್ಲಿರಲಿ, ನಮ್ಮ ಬೀದಿಯಲ್ಲಿ ಕರೆಂಟು ದೀಪವಿದೆ, ನಲ್ಲಿಯಿದೆ ಎಂದು ಹೇಳಿ ಕಳಿಸುತ್ತಲೇ ಇದ್ದಳು. ನನ್ನ ಹೆಂಡತಿ ಒಳಗೊಳಗೇ ಬೆಂದಳು. ಅತ್ತೆ ತೂಕದ ಹೆಂಗಸು. ಯುಗಾದಿಯ ದಿನ ಇಬ್ಬರು ಹೆಣ್ಣುಮಕ್ಕಳನ್ನೂ ಎದುರಿಗೆ ಕೂರಿಸಿಕೊಂಡು ತೀರ್ಪನ್ನು ಮುಂದಕ್ಕೆ ಹಾಕಿದರು.

"ಈ ಬ್ಯಾಸಗೆ ಕಳೀಲಿ. ಮಕ್ಕಳು ಎಲ್ಲಿ ತಣ್ಣಗಿರ್ತವೋ ನೋಡ್ತೀನಿ. ಆಮ್ಯಾಕೆ ಎಲ್ಲಿರ್ತೀನೋ ಏಳ್ತೀನಿ."

ಇಷ್ಟು ಸಾಕಾಯಿತು. ಮಕ್ಕಳನ್ನು ತಣ್ಣಗಿಡುವುದು ಅಂದಿನಿಂದ ನಮ್ಮ ಎರಡು ಮನೆಗಳ ನಡುವೆ ಯುದ್ಧವಾಯಿತು.

ಮೊದಲ ಬಾಣ ಷಡ್ಡಕರದು. ಮುಂದಿನ ಭಾನುವಾರ ನಮ್ಮನ್ನೆಲ್ಲ ರೈಲಿನಲ್ಲಿ ಕರೆಸಿಕೊಂಡು, ಬುತ್ತಿ ಕಟ್ಟಿಸಿ, ಮದರಾಸಿಗೆ ಹೋಗದೆಯೇ ಸಮುದ್ರತೀರ ತೋರಿಸುತ್ತೇನೆಂದು ಹೊರಡಿಸಿದರು. ದೊರೆಗಳು ಬೇಸಿಗೆಯಲ್ಲಿ ಸಂಸಾರ ಸಮೇತ ಸಮುದ್ರದ ದಡಕ್ಕೆ ಹೋಗಿ ಮರಳಿನ ಮೇಲೆ ಕೂರುತ್ತಾರಂತೆ. ಆಫೀಸಿನಲ್ಲಿ ಯಾವನೋ ಹೇಳಿದ್ದನ್ನು ಇವರು ವೇದವಾಕ್ಯದಂತೆ ಹೊತ್ತು ತಂದಿದ್ದರು. ನಡೆದು ನಡೆದು ನಾವು ತಲುಪಿದ್ದು ಸೈನೈಡ್ ದಿಬ್ಬ. ಸೈನೈಡ್ ಎಂಬ ವಿಷ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಹುಡಿಯನ್ನು ತಂದು ಸುರಿದು ಸುರಿದು ಬೆಳೆದ ಗುಡ್ಡ ಅದು. ಒಂದು ಹುಲ್ಲುಕಡ್ಡಿ ಹುಟ್ಟುವುದಿಲ್ಲ, ಒಂದು ಕಾಗೆ ಕೂರುವುದಿಲ್ಲ. ಕಾಗೆಗೆ ಇರುವ ವಿವೇಚನೆ ಎಲ್ಲರಿಗೂ ಇರಬೇಕೆಂದು ಎಲ್ಲಿದೆ?

ಷಡ್ಡಕರು ದಿಬ್ಬದ ಮೇಲೆ ಜಮಖಾನ ಹಾಸಿ, ಕೊಡೆ ನೆಟ್ಟು, ಕೈಬೀಸಿ ತೋರಿಸಿದರು.

"ಮರಳು ಐತೆ. ಗಾಳಿ ಐತೆ. ಸಮುದ್ರದಾಗೆ ಇನ್ನೇನಮ್ಮಾ ಇರ್ತದೆ?"

ನನ್ನ ಮಗಳು, ಆಗ ಐದೋ ಆರೋ ವರ್ಷದವಳು, ಸ್ವಲ್ಪ ಯೋಚಿಸಿ ಹೇಳಿದಳು. "ನೀರು, ದೊಡ್ಡಪ್ಪ."

ಅವರು ಕೊಡೆಯನ್ನು ಇನ್ನಷ್ಟು ಆಳಕ್ಕೆ ನೆಟ್ಟರು. ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ಆ ಸಮುದ್ರತೀರ ಕಡಲೆ ಹುರಿಯುವ ಬಾಣಲಿಯಾಗಿತ್ತು. ಮಕ್ಕಳು ಒಂದು ಕಾಲು ಎತ್ತಿ ಒಂದು ಕಾಲು ಇಟ್ಟು ಕುಣಿದವು. ಅದನ್ನು ಅವರು ಆನಂದ ಎಂದು ತಿಳಿದರು. ಗಾಳಿ ಬೀಸಿದಾಗಲೆಲ್ಲ ಬಿಳಿ ಹುಡಿ ಎದ್ದು ಚಿತ್ರಾನ್ನದ ಮೇಲೆ ಶಾಸ್ತ್ರೋಕ್ತವಾಗಿ ಇಳಿಯಿತು. ಹುಟ್ಟಿದಾರಭ್ಯ ಕಾಲಿಗೆ ಮೆಟ್ಟು ಹಾಕದ ನಮ್ಮತ್ತೆ ಜಮಖಾನದ ಮೂಲೆಯಲ್ಲಿ ಕಾಲು ಮಡಿಸಿ ಕೂತು, ಹಲ್ಲಿಗೆ ಸಿಕ್ಕ ಹುಡಿಯನ್ನು ಸೆರಗಿನ ಮರೆಯಲ್ಲಿ ಉಗಿಯುತ್ತ, ಹಿರಿಯ ಅಳಿಯನ ಮೂರು ಮಕ್ಕಳನ್ನೇ ನೋಡುತ್ತಿದ್ದರು. ಆಮೇಲೆ ಕಾವಲುಗಾರನೊಬ್ಬ ತಮಿಳಿನಲ್ಲಿ ಕೂಗುತ್ತ ಬಂದು, ದಿಬ್ಬದ ಬುಡದ ಗುಂಡಿಗಳಲ್ಲಿ ನಿಂತ ನೀರು ಮುಟ್ಟಿದರೆ ದನವೂ ಉಳಿಯುವುದಿಲ್ಲ, ಕೂಸುಗಳನ್ನು ಇಲ್ಲಿಗೆ ತಂದಿದ್ದೀರಲ್ಲ ಎಂದು ಎಬ್ಬಿಸಿದ. ಷಡ್ಡಕರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅವನು ಜಮಖಾನದ ತುದಿ ಹಿಡಿದು ಎಳೆದ. ಪೇಟೆಗೆ ಬಂದು ಗೋಲಿ ಸೋಡಾ ಕುಡಿದ ಮೇಲೆ ಮಕ್ಕಳು ಮನುಷ್ಯರಾದವು.

ಗೆದ್ದೆವು ಅಂದುಕೊಂಡಳು ನನ್ನ ಹೆಂಡತಿ. ಯಾಕೆಂದರೆ ನಮ್ಮಲ್ಲಿ ಕಪಿಲೆ ಇತ್ತು. ಬಾವಿಯ ಬಾಯಿಗೆ ಒಂದು ರಾಟೆ, ಹಗ್ಗದ ತುದಿಗೆ ತೊಗಲಿನ ಚೀಲ. ಎತ್ತುಗಳು ಹಗ್ಗ ಎಳೆದುಕೊಂಡು ಇಳಿಜಾರಿನಲ್ಲಿ ಕೆಳಗಿಳಿದರೆ ಚೀಲ ಮೇಲೆ ಬಂದು ಕಲ್ಲಿನ ತೊಟ್ಟಿಗೆ ದಬದಬ ಸುರಿಯುತ್ತದೆ. ಅದರ ಕೆಳಗೆ ಮಕ್ಕಳನ್ನು ನಿಲ್ಲಿಸಿದರೆ ಮುಗಿಯಿತು, ಮನೆಗೆ ಬರುವುದಿಲ್ಲ. ಕಾಸಿಲ್ಲ, ಕೊಡೆಯಿಲ್ಲ, ಟೋಪಿಯಿಲ್ಲ.

ಷಡ್ಡಕರಿಗೂ ಇದು ನೆನಪಿತ್ತು. ದೊರೆಗಳ ಯಾವುದೋ ಹಬ್ಬ ಭಾನುವಾರ ಬಿದ್ದು, ಮರುದಿನವೂ ಆಫೀಸಿಗೆ ರಜೆ ಸಿಕ್ಕಿತು. ಸೋಮವಾರ ಎಲ್ಲರೂ ಬರುತ್ತೇವೆ, ಕಪಿಲೆ ಹೂಡಿಸಿಡು ಎಂದು ಹಾಲಿನವನ ಕೈಲಿ ಹೇಳಿ ಕಳಿಸಿದರು. ಮಾತು ನನಗೆ ತಲುಪಿದ್ದು ಭಾನುವಾರ ಸಂಜೆ. ತಿರುಗಿ ಹೇಳಿ ಕಳಿಸಲು ರೈಲಿರಲಿಲ್ಲ.

ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಅದು ಬಸವನ ದಿನ. ನೇಗಿಲಿಲ್ಲ, ಗಾಡಿಯಿಲ್ಲ, ಕಪಿಲೆಯಿಲ್ಲ. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಈ ಸಂಗತಿ, ಕೊಟ್ಟಿಗೆಯ ಮಗ್ಗುಲಲ್ಲಿ ಹುಟ್ಟಿದ ಗುಮಾಸ್ತರ ತಲೆಯಿಂದ ಜಾರಿಹೋಗಿತ್ತು. ಟೋಪಿ ದೊಡ್ಡದಾದರೆ ಒಳಗಿರುವುದು ಜಾರುವುದು ಸಹಜ.

ಬಂದರು. ಮೂರು ಮಕ್ಕಳಿಗೂ ಹೊಸ ಚಡ್ಡಿ. ದಾರಿಯುದ್ದಕ್ಕೂ ಜಲಪಾತ ಜಲಪಾತ ಎಂದು ಹೇಳಿಕೊಂಡು ಬಂದಿದ್ದಾರೆ. ಬಂದು ನೋಡಿದರೆ ಎತ್ತುಗಳು ಮೈ ತೊಳೆಸಿಕೊಂಡು, ಅರಿಸಿನ ಕುಂಕುಮ ಇಡಿಸಿಕೊಂಡು, ದಿವಾನರ ಹಾಗೆ ಮೆಲುಕು ಹಾಕುತ್ತಿವೆ. ಮಕ್ಕಳ ಮುಖ ಸಣ್ಣಗಾಯಿತು. ಬಿಂದಿಗೆಯಲ್ಲಿ ಸೇದಿ ಹೊಯ್ಯುತ್ತೇವೆ ಬನ್ನಿ ಎಂದಳು ನನ್ನ ಹೆಂಡತಿ. ಕಿರಿಯದು ತುಟಿ ನಡುಗಿಸಿಕೊಂಡು, ಬಿಂದಿಗೆ ನಮ್ಮನೇಲೂ ಐತೆ ಅಂದಿತು.

ಷಡ್ಡಕರು ನನ್ನನ್ನು ಪಕ್ಕಕ್ಕೆ ಕರೆದು, ಒಂದು ಗಳಿಗೆ ಹೂಡಿಬಿಡು, ಈ ಉರಿಬಿಸಿಲಲ್ಲಿ ಯಾರು ನೋಡುತ್ತಾರೆ ಎಂದು ಪಿಸುಗುಟ್ಟಿದರು. ಅತ್ತೆಯ ಕಿವಿ ಚುರುಕು.

"ಎತ್ತು ನೋಡ್ತವಲ್ಲಪ್ಪ."

ಷಡ್ಡಕರು ಮಕ್ಕಳ ಕಡೆ ಕೈ ತೋರಿಸಿ, ಇಷ್ಟು ದೂರ ಬಂದಿದ್ದೇವಲ್ಲ ಅತ್ತೆ ಎಂದು ರಾಗ ತೆಗೆದರು. ಅತ್ತೆ ಮೂವರು ಮೊಮ್ಮಕ್ಕಳನ್ನೂ ಇನ್ನೊಮ್ಮೆ ನೋಡಿದರು. ಸೈನೈಡ್ ದಿಬ್ಬದ ಮೇಲೆ ನೋಡಿದ ಹಾಗೆಯೇ ನೋಡಿದರು. ಆಮೇಲೆ ನಿಧಾನವಾಗಿ ಧರ್ಮಶಾಸ್ತ್ರ ಹೇಳಿದರು.

"ಸ್ವಾಮಾರ ಎತ್ತು ಹೂಡಬಾರ್ದು ಅಂತ ಐತೆ. ಅಳಿಯಂದಿರ್ನ ಹೂಡಬಾರ್ದು ಅಂತ ಎಲ್ಲೂ ಇಲ್ಲ."

ಇದಕ್ಕೆ ಅಪೀಲು ಯಾವ ಕಚೇರಿಯಲ್ಲಿ? ಷಡ್ಡಕರು ಪ್ಯಾಂಟು ಬಿಚ್ಚಿ ಮಡಿಸಿ ಹೊಂಗೆ ಕೊಂಬೆಗೆ ಹಾಕಿದರು. ಒಳಗಿನ ಪಟ್ಟಾಪಟ್ಟಿ ಚಡ್ಡಿ ನಮ್ಮೂರ ಸಂತೆಯದೇ. ಆ ಮಟ್ಟಿಗೆ ಅವರು ಇನ್ನೂ ನಮ್ಮವರು ಎಂದು ನನಗೆ ಗೊತ್ತಾದದ್ದು ಆಗಲೇ. ಟೋಪಿ ಮಾತ್ರ ತೆಗೆಯಲಿಲ್ಲ. ಎತ್ತು ಎಳೆಯುವಷ್ಟನ್ನು ನಾವು ಎಳೆಯಲಾರೆವೆಂದು ಅತ್ತೆ ತಾವೇ ಚೀಲದ ಬಾಯನ್ನು ಅರ್ಧ ಬಿಗಿದು ಕಟ್ಟಿದರು. ಹಗ್ಗವನ್ನು ನಾನು ಬಲ ಹೆಗಲಿಗೆ, ಅವರು ಎಡ ಹೆಗಲಿಗೆ ಹಾಕಿಕೊಂಡೆವು. ಕೊಟ್ಟಿಗೆಯ ಎತ್ತುಗಳು ಮೆಲುಕು ನಿಲ್ಲಿಸಿದವು.

ಇಳಿಜಾರಿನಲ್ಲಿ ಇಳಿಯುವಾಗ ಎಳೆತ, ಹಿಂದೆ ಹಿಂದೆ ಹತ್ತುವಾಗ ಏದುಸಿರು. ಅತ್ತೆ ಬಾವಿಯ ಕಟ್ಟೆಯ ಮೇಲೆ ಕೂತು, ಎತ್ತುಗಳಿಗೆ ಹೇಳುವ ಅದೇ ದನಿಯಲ್ಲಿ ಹೋ ಎಂದರೆ ಹೋಗಬೇಕು, ತ್ಚ ಎಂದರೆ ನಿಲ್ಲಬೇಕು. ಮೊದಲ ಚೀಲ ತೊಟ್ಟಿಗೆ ಬಿದ್ದಾಗ ಆರು ಮಕ್ಕಳೂ ಕಿರುಚಿದ ಸದ್ದಿಗೆ ಹೊಂಗೆಯಲ್ಲಿದ್ದ ಹಕ್ಕಿಗಳು ಎದ್ದವು. ಎರಡನೆಯದಕ್ಕೆ ಷಡ್ಡಕರು, ನೀನು ಎಳೀತಾನೇ ಇಲ್ಲ ಕಣಯ್ಯಾ ಎಂದರು. ನೀವು ಇಂಗ್ಲಿಷಿನಲ್ಲಿ ಎಳೆಯುತ್ತಿದ್ದೀರಿ ಬಾವ, ಹಗ್ಗಕ್ಕೆ ಬರುವುದಿಲ್ಲ ಎಂದೆ. ಆಮೇಲೆ ಇಬ್ಬರಿಗೂ ಮಾತಾಡಲು ಉಸಿರಿರಲಿಲ್ಲ. ಅವರ ಮಕ್ಕಳು ತೊಟ್ಟಿಯಿಂದ ಎದ್ದು ಬರಲೇ ಇಲ್ಲ. ನನ್ನವು ದಿನಾ ಕಂಡದ್ದು ಎಂದು ಬೇಗ ಬಂದು ನೆರಳಲ್ಲಿ ಬಿದ್ದುಕೊಂಡವು. ಅತ್ತೆ ಇದನ್ನೂ ನೋಡಿದರು.

ಹೊತ್ತಿಳಿದ ಮೇಲೆ ನಮ್ಮಿಬ್ಬರನ್ನೂ ಜಗಲಿಯ ಮೇಲೆ ಕೂರಿಸಿ, ನೊಗ ತರಚಿದ ಎತ್ತಿನ ಕುತ್ತಿಗೆಗೆ ಹಚ್ಚುವ ಹರಳೆಣ್ಣೆಯನ್ನು ಹೆಗಲಿಗೆ ಹಚ್ಚಿದರು. ಹಚ್ಚುತ್ತಲೇ ತೀರ್ಪನ್ನೂ ಹೇಳಿದರು. ನನ್ನ ಹೆಂಡತಿ ನಗುಮುಖದಿಂದ ಬಾಗಿಲಲ್ಲಿ ನಿಂತಿದ್ದಳು.

"ಈ ಮಕ್ಕಳಿಗೆ ಬಾವಿ ಐತೆ, ಒಂಗೆ ನೆಳ್ಳೈತೆ. ನಾನಿದ್ರೂ ಇಲ್ದಿದ್ರೂ ತಣ್ಣಗಿರ್ತವೆ. ಆ ಮಕ್ಕಳಿಗೆ ಏನೈತೆ? ಅವರಪ್ಪ ಅವ್ರೆ. ನಾನಲ್ಲಿಗೆ ಓಗ್ತೀನಿ."

ಷಡ್ಡಕರು ಇದನ್ನು ಹೊಗಳಿಕೆ ಎಂದೇ ಭಾವಿಸಿದರು.

ಮರುದಿನ ಬೆಳಿಗ್ಗೆ ಮೊದಲ ರೈಲಿಗೆ ಹೊರಟರು. ಬೆವರಿಗೆ ನೆನೆದು ಒಣಗಿದ ಟೋಪಿ ಹಲಸಿನ ಕಾಯಿಯ ಆಕಾರ ತಾಳಿತ್ತು. ನೋಯದ ಹೆಗಲ ಮೇಲೆ ಅತ್ತೆಯ ಗಂಟು ಹೊತ್ತು ಷಡ್ಡಕರು ಮುಂದೆ, ಮೂರು ಮಕ್ಕಳ ನಡುವೆ ಬರಿಗಾಲಿನಲ್ಲಿ ಅತ್ತೆ ಹಿಂದೆ. ಅವರನ್ನು ರೈಲು ಹತ್ತಿಸಿ ನಾನೂ ನನ್ನ ಹೆಂಡತಿಯೂ ಸ್ಟೇಷನ್ನಿನಿಂದ ಹಿಂದಿರುಗಿದೆವು. ಬಾವಿಯ ಹತ್ತಿರ ಬಂದಾಗ ಅವಳು ನಿಂತು ಹೇಳಿದಳು.

"ಇದು ಬತ್ತೋಗಿದ್ರೆ ಚೆನ್ನಾಗಿತ್ತು."

ಬೇಸಾಯಗಾರನ ಮನೆಯಲ್ಲಿ ಯಾರೂ ಆಡಬಾರದ ಮಾತು. ನಾನು ಬೈಯಲಿಲ್ಲ. ಅಂದು ಮಂಗಳವಾರ, ರಾಗಿ ಪೈರು ಬಾಡುತ್ತಿತ್ತು, ಎತ್ತು ಬಿಚ್ಚಿಕೊಂಡು ಬಂದು ಕಪಿಲೆಗೆ ಹೂಡಿದೆ. ಇಳಿಜಾರಿನ ಅರ್ಧದಲ್ಲಿ ಎರಡೂ ನಿಂತು, ಕತ್ತು ಹೊರಳಿಸಿ ನನ್ನ ಹೆಗಲನ್ನು ನೋಡಿದವು. ಹಿಂದಿನ ದಿನ ಎಲ್ಲವನ್ನೂ ಕಂಡಿದ್ದವಲ್ಲ. ಹೋ ಎನ್ನಲು ನನಗೆ ಬಾಯಿ ಬರಲಿಲ್ಲ. ಅವೇ ಸ್ವಲ್ಪ ಹೊತ್ತು ನಿಂತಿದ್ದು, ಅವೇ ಹೊರಟವು.